ಸ್ಕೂಟರಿನ ದುಡ್ಡು

ದುಡ್ಡೇ ಇಲ್ಲದವರಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ಹೇಳಲು ಹೋದರೆ ಎಲ್ಲಿ ಸಾಲ ಕೇಳಿಬಿಡುತ್ತಾರೋ ಎಂಬ ಭಯ. ತುಂಬಾ ದುಡ್ಡಿರುವವರಿಗೂ ಯಾರೂ ಹೇಳುವುದಿಲ್ಲ. ಅವರಿಗೆ ಆಡಿಟರ್ ಇರುತ್ತಾರೆ, ಗೇಟಿನಲ್ಲಿ ನಾಯಿ ಇರುತ್ತದೆ. ಆದರೆ ಸೈಟು ಕೊಳ್ಳಲು ಸಾಲದ, ಹಾಗಂತ ತರಕಾರಿ ತಂದು ಮುಗಿಸಲೂ ಆಗದ ಒಂದಿಷ್ಟು ದುಡ್ಡು ನಿಮ್ಮ ಕೈಗೆ ಅಚಾನಕ್ಕಾಗಿ ಬಂತೆನ್ನಿ, ಆಗ ನೋಡಬೇಕು. ಊರಿಗೆ ಊರೇ ನಿಮ್ಮ ಹಿತೈಷಿ. ಐವತ್ತು ದಾಟಿದ, ಮದುವೆಯಾಗದ, ಬಾಡಿಗೆ ಮನೆಯ ಮಹಡಿಯಲ್ಲಿ ಒಬ್ಬಳೇ ಇರುವ ನನ್ನಂಥವಳಿಗೂ ಹಿತೈಷಿಗಳು ಹುಟ್ಟಿಕೊಂಡರೆಂದರೆ ಆ ದುಡ್ಡಿನ ಮಹಿಮೆ ಎಂಥದ್ದಿರಬೇಕು!

ನಡೆದದ್ದು ಇಷ್ಟು. ಆಫೀಸಿನವರೊಬ್ಬರ ಮಗಳ ಮದುವೆಗೆಂದು ತುಮಕೂರಿನ ಒಂದು ಅಂಗಡಿಯಲ್ಲಿ ಸೀರೆ ಕೊಂಡೆ. ಕೂಪನ್ ಕೊಟ್ಟರು, ಹೆಸರು ಬರೆದು ಡಬ್ಬಕ್ಕೆ ಹಾಕಿ ಮರೆತೆ. ತಿಂಗಳ ಮೇಲೆ ಫೋನು ಬಂತು. "ಮೇಡಂ, ನಿಮ್ಗೆ ಸ್ಕೂಟರ್ ಬಂದಿದೆ" ಎಂದಿತು ಒಂದು ಹುಡುಗಿಯ ದನಿ. "ನಾಚ್ಕೆ ಆಗಲ್ವೇನಮ್ಮ, ದುಡಿದು ತಿನ್ನು" ಎಂದು ಇಟ್ಟೆ. ಮತ್ತೆ ಬಂದಾಗ ಪೊಲೀಸಿಗೆ ಹೇಳುತ್ತೇನೆ ಎಂದೆ. ಕೊನೆಗೆ ಅಂಗಡಿ ಮಾಲೀಕರೇ ಫೋನು ಮಾಡಿದರು: "ಅಮ್ಮಾ, ಓಟಿಪಿನೂ ಬ್ಯಾಡ, ಏನೂ ಬ್ಯಾಡ. ಅಂಗ್ಡಿಗ್ ಬಂದು ಕಣ್ಣಾರೆ ನೋಡ್ಕೊಂಡ್ ಹೋಗಿ, ಸಾಕು." ಹೋಗಿ ನೋಡಿದರೆ ನಿಜವಾಗಿಯೂ ಬಾಗಿಲಲ್ಲಿ ಕೆಂಪು ರಿಬ್ಬನ್ ಸುತ್ತಿಕೊಂಡು ಸ್ಕೂಟರ್ ನಿಂತಿತ್ತು.

ನನಗೋ ಸೈಕಲ್ಲೂ ಬರುವುದಿಲ್ಲ. ಗುಬ್ಬಿಯಲ್ಲಿ ಚಿಕ್ಕವಳಿದ್ದಾಗ ಅಣ್ಣ ಕಲಿಸಲು ನೋಡಿದ್ದ. ಹಿಂದೆ ಹಿಡಿದುಕೊಂಡಿದ್ದೇನೆ ಎಂದು ಕೂಗುತ್ತಲೇ ಯಾವಾಗಲೋ ಕೈಬಿಟ್ಟಿದ್ದ. ನಾನು ನೆಟ್ಟಗೆ ಹಾಲಿನ ಡೈರಿಯ ಸಾಲಿಗೆ ನುಗ್ಗಿ, ಯಾರ್‍ಯಾರದೋ ಚೊಂಬು ಉರುಳಿಸಿ, ಊರವರ ಬೈಗುಳ ತಿಂದು ಬಂದ ಮೇಲೆ ಚಕ್ರಗಳ ಸಹವಾಸ ಬಿಟ್ಟೆ. ಮಾಲೀಕರು ಒಳ್ಳೆಯವರು. ಸ್ಕೂಟರನ್ನು ತಾವೇ ಇಟ್ಟುಕೊಂಡು, ಟ್ಯಾಕ್ಸು ಮುರಿದು, ಅರವತ್ತು ಸಾವಿರ ಚಿಲ್ಲರೆ ನನ್ನ ಖಾತೆಗೆ ಹಾಕಿದರು. ಆದರೂ ಸ್ಕೂಟರಿನ ಪಕ್ಕ ನಿಲ್ಲಿಸಿ, ಕೈಗೆ ರಟ್ಟಿನ ದೊಡ್ಡ ಕೀಲಿಕೈ ಕೊಟ್ಟು ಫೋಟೋ ಹಿಡಿದರು. ಅದು ಊರಿನ ಪೇಪರಿನಲ್ಲಿ ಬಂತು. ಅಲ್ಲಿಂದ ಶುರು.

ಮೊದಲು ಬಂದವರು ಕೆಳಗಿನ ಮನೆಯ ಗಿರಿಜಮ್ಮ, ನನ್ನ ಓನರ್ರು. ಇಷ್ಟು ವರ್ಷದಲ್ಲಿ ಅವರು ಮೆಟ್ಟಿಲು ಹತ್ತಿದ್ದೇನಿದ್ದರೂ ನೀರಿನ ಮೋಟರ್ ಆಫ್ ಮಾಡಿಲ್ಲವೆಂದು ಹೇಳಲು. ಈಗ ತಟ್ಟೆಯಲ್ಲಿ ಚಕ್ಕುಲಿ ಹಿಡಿದು ಬಂದರು. "ಮಂಗಳಾ, ಕಣ್ಮುಚ್ಕೊಂಡು ಚಿನ್ನ ತಗೊಂಬುಡು ಕಣೇ. ಕಷ್ಟ ಸುಖಕ್ಕೆ ಆಗುತ್ತೆ" ಎಂದರು. ಮರುದಿನ ಅವರ ಯಜಮಾನರು, ರಿಟೈರಾದ ಮೇಷ್ಟ್ರು, ಹೆಂಡತಿಯ ಮಾತನ್ನು ಖಂಡಿಸಲೆಂದೇ ಮೇಲೆ ಬಂದರು. "ಅವ್ಳ ಮಾತ್ ಕೇಳ್ಬೇಡಮ್ಮ. ಚಿನ್ನ ಇಟ್ಕೊಂಡು ಕಳ್ಳರನ್ನ ಕಾಯ್ತಾ ಕೂತ್ಕೋಬೇಕು. ಎಫ್‌ಡಿ ಮಾಡು." ಅಂತರಸನಹಳ್ಳಿಗೆ ಹೋಗುವ ನಮ್ಮ ಫ್ಯಾಕ್ಟರಿ ಬಸ್ಸಿನಲ್ಲಿ ಕಡಬದ ಪುಟ್ಟಸ್ವಾಮಿ ನನಗಾಗಿ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟು, "ಕೊಬ್ರಿ ಹಿಡ್ದಾಕ್ಬುಡಿ ಮೇಡಂ. ರೇಟ್ ಏರ್ದಾಗ ಬುಟ್ರೆ ಡಬಲ್ಲು. ಇಡಕ್ಕೆ ನಮ್ಮನೆ ಅಟ್ಟನೇ ಐತೆ" ಎಂದ.

ನಿಮಗೊಂದು ಗುಟ್ಟು ಹೇಳುತ್ತೇನೆ. ಎಲ್ಲಿಡಬೇಕೆಂದು ನಾನು ಮೊದಲ ದಿನವೇ ನಿರ್ಧರಿಸಿದ್ದೆ. ಎಫ್‌ಡಿಯೇ ಸರಿ ಎಂದು ನನಗೆ ಗೊತ್ತಿತ್ತು. ಒಂದು ಸಂಜೆ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಏನಮ್ಮ, ಡಿಸೈಡ್ ಆಯ್ತಾ?" ಎಂದಾಗ ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕೈ ಮೊಣಕಾಲ ಮೇಲೆ ಬಂದಿತ್ತು, ಏಳುವವರ ಹಾಗೆ. ನನಗೇನಾಯಿತೋ, "ಇಲ್ಲ ಮೇಷ್ಟ್ರೇ, ಕೊಬ್ರಿ ಒಳ್ಳೇದು ಅಂತಾರಲ್ಲ ಕೆಲವರು?" ಅಂದುಬಿಟ್ಟೆ. "ಕೊಬ್ರಿನಾ!" ಎಂದು ಅವರು ಮತ್ತೆ ಬೆನ್ನು ಒರಗಿಸಿ ಕೂತರು. ಆವತ್ತು ಕೊಬ್ಬರಿಗೆ ಹಿಡಿಯುವ ಹುಳದಿಂದ ಹಿಡಿದು ದೇಶದ ಹಣಕಾಸಿನವರೆಗೆ ಹೇಳಿ, ಗಿರಿಜಮ್ಮ ಕೆಳಗಿನಿಂದ ಊಟಕ್ಕೆ ಕೂಗಿದ ಮೇಲೆ ಇಳಿದರು.

ಅಮ್ಮ ಹೋದಮೇಲೆ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಮಾತಾಡುವುದೆಂದರೆ ಕುಕ್ಕರು ಮತ್ತು ಟೀವಿ. ಎರಡಕ್ಕೂ ನನ್ನ ಉತ್ತರ ಬೇಕಿರಲಿಲ್ಲ. ಈಗ ನಾನು ಹಾಲು ಜಾಸ್ತಿ ತರತೊಡಗಿದೆ, ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿದೆ. ಗಿರಿಜಮ್ಮನ ಹತ್ತಿರ ಎಫ್‌ಡಿ ಹೊಗಳುವುದು, ಮೇಷ್ಟ್ರ ಹತ್ತಿರ ಚಿನ್ನ ಹೊಗಳುವುದು, ಹೀಗೆ ವಾದ ಆರದಂತೆ ನೋಡಿಕೊಂಡೆ. ಆ ದಂಪತಿ ನನ್ನ ದುಡ್ಡಿಗಾಗಿ ತಮ್ಮ ಮನೆಯಲ್ಲಿ ಜಗಳವಾಡಿದ್ದೂ ಕೇಳಿಸಿತು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಹೀಗಿರುವಾಗ ಒಂದು ಶನಿವಾರ ಕುಣಿಗಲ್ಲಿನಿಂದ ಅಣ್ಣನ ಫೋನು. "ನಾಳೆ ಬರ್ತೀನಿ ಕಣೇ." ಅಷ್ಟೇ. ಅಣ್ಣ ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ನಮ್ಮಿಬ್ಬರಿಗೆ ಜಗಳವೇನೂ ಆಗಿರಲಿಲ್ಲ. ಅಮ್ಮ ಇದ್ದಾಗ ಅವನ ಸುದ್ದಿ ನನಗೆ, ನನ್ನ ಸುದ್ದಿ ಅವನಿಗೆ ಅವಳೇ ಮುಟ್ಟಿಸುತ್ತಿದ್ದಳು. ಅವಳು ಹೋದ ಮೇಲೆ ಮಾತು ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ತಿಳಿಯದೆ, ಯುಗಾದಿ ದೀಪಾವಳಿಗೆ ಒಂದೊಂದು ಫೋನಿಗೆ ಬಂದು ನಿಂತಿತ್ತು. ಅಂಥವನು ಈಗ ತಾನಾಗಿ ಬರುತ್ತಾನೆಂದರೆ? ಪೇಪರ್ ಅಲ್ಲಿಗೂ ಹೋಗಿರಬೇಕು. ಗಿರಣಿಗೆ ಮೋಟರು ಬೇಕೋ, ಮಕ್ಕಳ ಫೀಸೋ. ರಾತ್ರಿಯೆಲ್ಲ ಯೋಚಿಸಿ, ಮನಸ್ಸಿಗೆ ನೋವಾಗದ ಹಾಗೆ ಇಲ್ಲವೆನ್ನುವ ಒಂದು ಭಾಷಣ ತಯಾರು ಮಾಡಿದೆ. ಬೆಳಿಗ್ಗೆ ಎದ್ದು ಅದನ್ನು ಬಾಯಿಪಾಠ ಮಾಡುತ್ತಲೇ ಅವರೆಕಾಳು ಸಾರಿಗೆ ಒಗ್ಗರಣೆ ಹಾಕಿದೆ, ಮುದ್ದೆ ಕಟ್ಟಿದೆ.

ಬಂದ. ಗಿರಣಿಯ ಸದ್ದಿನಲ್ಲಿ ಬದುಕುವವನಾದ್ದರಿಂದ ಎಲ್ಲಿದ್ದರೂ ಕೂಗಿಯೇ ಮಾತಾಡುತ್ತಾನೆ. "ಸಾರು ಪಸಂದಾಗೈತೆ ಕಣೇ!" ಎಂದದ್ದು ಕೆಳಗಿನ ಮನೆಗೂ ಕೇಳಿರಬೇಕು. ಎರಡು ಮುದ್ದೆ ಉಂಡ. ಫ್ಯಾನು ಯಾಕೆ ಹಿಂಗೆ ಅಳ್ತದೆ ಎಂದು ಸ್ಟೂಲು ಹತ್ತಿ ನಟ್ಟು ಬಿಗಿ ಮಾಡಿದ. ಅದೇ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಗೊರಕೆ ಹೊಡೆದ. ಎದ್ದು ಕಾಫಿ ಕುಡಿದ. ದುಡ್ಡಿನ ಸುದ್ದಿಯೇ ಇಲ್ಲ. ನನ್ನ ಭಾಷಣ ಗಂಟಲಲ್ಲಿ ಹಳಸತೊಡಗಿತು. ಅವನು ಚಪ್ಪಲಿ ಮೆಟ್ಟಿಕೊಳ್ಳುವಾಗ ತಡೆಯಲಾರದೆ ನಾನೇ ಕೇಳಿದೆ:

"ಅಣ್ಣ, ಆ ಸ್ಕೂಟರ್ ದುಡ್ಡು ಏನ್ ಮಾಡ್ಲಿ?"

"ನಿನ್ ದುಡ್ಡು ಕಣೇ. ನನ್ ಯಾಕ್ ಕೇಳ್ತೀಯ?"

"ಮತ್ತೆ ನೀನು ಬಂದಿದ್ದು?"

ಅವನು ಸ್ವಲ್ಪ ಹೊತ್ತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ಪೇಪರ್‌ನಾಗೆ ಫೋಟೋ ನೋಡ್ದೆ. ಫೋಟೋ ತೆಗ್ಯೋವಾಗ ಕಣ್ ಮುಚ್ಕೊಂಬುಟ್ಟಿದೀಯ. ಅಮ್ಮನೂ ಹಂಗೇ ಅಲ್ವಾ, ಒಂದ್ ಫೋಟೋದಾಗೂ ಕಣ್ ಬಿಟ್ಟೋಳಲ್ಲ. ನೋಡ್ಕೊಂಡ್ ಬರಾಣ ಅನ್ನಿಸ್ತು, ಬಂದೆ."

ಇದನ್ನು ಅವನು ಮೆಲ್ಲಗೆ ಹೇಳಿದ. ಅಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋಗಿ, ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದೆ.

ಅಷ್ಟು ಹೊತ್ತಿಗೆ ಇತ್ತ ನನ್ನ ದುಡ್ಡು ಹಳೆಯದಾಗಿತ್ತು. "ಇನ್ನೂ ಇಟ್ಟಿಲ್ವಾ? ಸರಿಹೋಯ್ತು ಬುಡು" ಎಂದು ಗಿರಿಜಮ್ಮ ಮೆಟ್ಟಿಲಿನಿಂದಲೇ ವಾಪಸಾದರು. ಮೇಷ್ಟ್ರಿಗೆ ಟೀವಿಯಲ್ಲಿ ಕ್ರಿಕೆಟ್ ಶುರುವಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಮಗಳಿಗೆ ಮೆಡಿಕಲ್ ಸೀಟು ಸಿಕ್ಕ ಪ್ಯಾಕಿಂಗ್ ವಿಭಾಗದ ಹೆಂಗಸಿನ ಪಾಲಾಯಿತು. ನಾನು ಕಂಬಿ ಹಿಡಿದು ನಿಂತೆ. ಮನೆಯಲ್ಲಿ ಹಾಲು ಮಿಕ್ಕು ದಿನವೂ ಮೊಸರು. ಮೊಸರನ್ನ ತಿಂದು ತಿಂದು ಬೇಸತ್ತು, ಒಂದು ದಿನ ಅರ್ಧ ರಜೆ ಹಾಕಿ ಬ್ಯಾಂಕಿಗೆ ಹೋದೆ.

ಕೌಂಟರಿನ ಹುಡುಗಿ ಚುರುಕಾಗಿದ್ದಳು. "ಐದು ವರ್ಷಕ್ಕೆ ಇಡಿ ಮೇಡಂ, ಮರ್ತೇ ಬಿಡಬಹುದು" ಎಂದಳು. ಐದು ವರ್ಷ ಯಾರೂ ಏನೂ ಕೇಳದ ದುಡ್ಡು ಕಣ್ಣ ಮುಂದೆ ಬಂತು. "ಮೂರು ತಿಂಗಳಿಗೆ ಇಡೋಕ್ಕಾಗುತ್ತಾ?" ಎಂದೆ. ಆಗುತ್ತದೆ, ಆದರೆ ಬಡ್ಡಿ ತೀರಾ ಕಮ್ಮಿ, ಮುಗಿದ ಮೇಲೆ ಮತ್ತೆ ಯೋಚನೆ ಮಾಡಬೇಕಾಗುತ್ತದೆ ಎಂದು ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಮತ್ತೆ ಯೋಚನೆ ಮಾಡೋಣ" ಎಂದೆ. ನಾಮಿನಿ ಯಾರೆಂದಳು. ಅಣ್ಣ ಎಂದೆ. ವಯಸ್ಸೆಷ್ಟು ಎಂದಳು. ಗೊತ್ತಿರಲಿಲ್ಲ. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ.

ಗಿರಣಿ ಓಡುತ್ತಿತ್ತು. ವಯಸ್ಸು ಹೇಳಿ, "ಯಾಕೆ?" ಎಂದ. ಹೇಳಿದೆ.

"ಮೂರ್ ತಿಂಗ್ಳಿಗಾ? ತಲೆ ನೆಟ್ಟಗೈತೇನೇ ನಿಂಗೆ?" ಎಂದದ್ದು ಕ್ಯಾಷಿಯರ್‌ಗೂ ಕೇಳಿಸಿತು. ಅಣ್ಣ ಬೈಯುತ್ತಾ ಹೋದ. ಚಿಕ್ಕಂದಿನಿಂದಲೂ ಹಿಂಗೇ ಎಂದ, ಬುದ್ಧಿ ಯಾವಾಗ ಬರುತ್ತದೆಂದ, ಅಮ್ಮ ಇದ್ದಿದ್ದರೆ ಎಂದ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಪಕ್ಕಕ್ಕೆ ಸರಿದು, ಫೋನನ್ನು ಕಿವಿಗೆ ಒತ್ತಿಕೊಂಡು, ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿದೆ.

"ತಡಿ, ಭಾನುವಾರ ಬರ್ತೀನಿ. ಕೂತ್ಕೊಂಡ್ ಸರ್‍ಯಾಗ್ ಹೇಳ್ಕೊಡ್ತೀನಿ" ಎಂದ ಕೊನೆಗೆ.

"ಹೂಂ, ಬಾರಣ್ಣ" ಎಂದೆ. "ನಂಗೆ ಈ ಬಡ್ಡಿ ಗಿಡ್ಡಿ ಲೆಕ್ಕ ಎಲ್ಲಾ ಗೊತ್ತಾಗಲ್ಲ."

ನಮ್ಮ ಫ್ಯಾಕ್ಟರಿಯ ಮುನ್ನೂರು ಜನರ ಸಂಬಳ, ಪಿಎಫ್, ಸಾಲದ ಬಡ್ಡಿ, ಎಲ್ಲವನ್ನೂ ತಿಂಗಳು ತಿಂಗಳೂ ಲೆಕ್ಕ ಹಾಕುವವಳು ನಾನೇ.