ಹಳೇ ಕಾರ್ಡಿಗೆ ತಕ್ಕ ನಾಣ್ಯ

ಕೆಲವರ ಮನೆಗೆ ನೆಂಟರು ಹುಡುಕಿಕೊಂಡು ಬರ್ತಾರೆ. ನಮ್ಮ ಮನೆಗೆ ನಗೆಪಾಟಲು ಹುಡುಕಿಕೊಂಡು ಬರುತ್ತೆ. ಬಾಗಿಲು ಹಾಕಿದ್ರೆ ಕಿಟಕಿಯಿಂದಾದ್ರೂ ಬಂದೇ ತೀರುತ್ತೆ.

ಶಿವಮೊಗ್ಗದಲ್ಲಿ ಕಾಲೇಜು ಹುಡುಗರಿಗೆ ಅಂತ ನಾನೊಂದು ಗೇಮಿಂಗ್ ಸೆಂಟರ್ ನಡೆಸ್ತಿದ್ದೆ. ಹುಡುಗರ ಕೈಗೆಲ್ಲ ಒಳ್ಳೊಳ್ಳೆ ಫೋನ್ ಬಂದ ಮೇಲೆ ಅದು ಮುಚ್ಚಿತು. ಅಲ್ಲಿನ ಕಂಪ್ಯೂಟರುಗಳಲ್ಲಿ ಆಟದ ಚಿತ್ರ ಓಡಿಸ್ತಿದ್ದ ಆರು ಗ್ರಾಫಿಕ್ಸ್ ಕಾರ್ಡು ಮನೆಗೆ ಬಂದು ನಡುಕೋಣೆಯಲ್ಲಿ ಠಿಕಾಣಿ ಹೂಡಿದವು. ನನಗೋ ಅವುಗಳ ಮೇಲೆ ಪ್ರಾಣ. ಹೆಂಡತಿಗೆ ಅವನ್ನ ಕಂಡ್ರಾಗಲ್ಲ.

"ನವರಾತ್ರಿಗೆ ಬೊಂಬೆ ಕೂರಿಸೋಕೆ ಆ ಕೋಣೆ ಬೇಕು. ಅಷ್ಟರೊಳಗೆ ಇವುಗಳಿಂದ ಮನೆಗೆ ಏನಾದ್ರೂ ಉಪಯೋಗ ಆಯ್ತೋ, ಇರಲಿ. ಇಲ್ಲಾಂದ್ರೆ ಗುಜರಿ," ಅಂದಳು.

ಹಾಗಾಗಿ ಕ್ರಿಪ್ಟೋ ಮೈನಿಂಗಿಗೆ ಇಳಿದೆ. ಕಾರ್ಡುಗಳನ್ನ ಹಗಲೂ ರಾತ್ರಿ ಲೆಕ್ಕ ಬಿಡಿಸೋಕೆ ಹಚ್ಚಿದ್ರೆ ಪ್ರತಿಯಾಗಿ ಒಂದಿಷ್ಟು ಡಿಜಿಟಲ್ ನಾಣ್ಯ ಬರುತ್ತೆ, ಅಷ್ಟೇ ವಿಷಯ. ಬಿಟ್‌ಕಾಯಿನ್ನು ನನ್ನ ಮುದಿ ಕಾರ್ಡುಗಳ ಕೈಗೆಟುಕೋ ಮಾತಲ್ಲ. ಇವುಗಳ ಶಕ್ತಿಗೆ ತಕ್ಕ ಸಣ್ಣ ನಾಣ್ಯ ಬೇಕು. ಅಂಥವು ನೂರಾರಿವೆ. ಯಾವುದನ್ನ ಆರಿಸೋದು ಅನ್ನೋದೇ ತಲೆನೋವಾಯ್ತು.

ಜಾತಕ

ನಮ್ಮ ದೊಡ್ಡಪ್ಪ ಜಾತಕ ನೋಡೋರು. ಒಂದು ನಾಣ್ಯ ಮನಸ್ಸಿಗೆ ಬಂದಿದೆ, ಕಾರ್ಡಿಗೆ ಹೊಂದುತ್ತೋ ಇಲ್ಲವೋ ನೋಡಿ, ಅಂತ ಬಾಯಿ ತಪ್ಪಿ ಅವರ ಮುಂದೆ ಅಂದುಬಿಟ್ಟೆ.

"ಅದು ಹುಟ್ಟಿದ ಸಮಯ ಗೊತ್ತೇನೋ?"

ಇಂಥ ನಾಣ್ಯಗಳ ಮೊದಲ ಲೆಕ್ಕ ಯಾವ ಕ್ಷಣದಲ್ಲಿ ದಾಖಲಾಯ್ತು ಅನ್ನೋದು ಎಲ್ಲರಿಗೂ ಕಾಣೋ ಹಾಗೆ ಇರುತ್ತೆ. ಗಂಟೆ, ನಿಮಿಷ, ಸೆಕೆಂಡು ಸಮೇತ ಹೇಳಿದೆ. ದೊಡ್ಡಪ್ಪ ಗದ್ಗದಿತರಾದರು. "ಹೆತ್ತೋರೇ 'ಹಾಲಿನವನು ಬಂದಿದ್ದ ಹೊತ್ತು' ಅಂತಾರೆ ಕಣೋ. ಸೆಕೆಂಡು ಹೇಳಿದೋನು ನೀನೊಬ್ಬನೇ. ಹುಟ್ಟಿದ ಊರು?"

"ಇಂಟರ್ನೆಟ್ಟು."

ಒಂದು ಗಳಿಗೆ ಯೋಚಿಸಿ, "ಶಿವಮೊಗ್ಗ ಅಂತಲೇ ಹಾಕ್ಕೋತೀನಿ ಬಿಡು," ಅಂದರು. ಕಾರ್ಡಿನ ಹಿಂದಿದ್ದ ತಯಾರಿಕೆ ತಾರೀಕನ್ನೂ ಕೇಳಿ ಬರಕೊಂಡರು. ಇಬ್ಬರಿಗೂ ಕುಜದೋಷ ಇದೆ, ಆದ್ದರಿಂದ ಪರಿಹಾರ ಆಯ್ತು, ಜೋಡಿ ಬಲು ಚೆನ್ನಾಗಿದೆ ಅಂತ ಒಪ್ಪಿಗೆ ಕೊಟ್ಟರು.

ಧೈರ್ಯವಾಗಿ ಶುರು ಮಾಡಿದೆ. ವಾರ ಕಳೆಯೋದ್ರೊಳಗೆ ಆ ನಾಣ್ಯ ಹುಟ್ಟಿಸಿದೋರೇ ಅಂಗಡಿ ಮುಚ್ಚಿಕೊಂಡು ಓಡಿಹೋದರು. ದೊಡ್ಡಪ್ಪನ ಹತ್ತಿರ ಹೋಗಿ ಗೋಳು ತೋಡಿಕೊಂಡ್ರೆ ಅವರು ಕನ್ನಡಕ ಕೂಡ ತೆಗೀಲಿಲ್ಲ.

"ಹೊಂದಾಣಿಕೆ ನೋಡಿ ಅಂತ ನೀನಂದೆ, ನಾನು ನೋಡಿದೆ. ಆಯುಸ್ಸು ನೋಡಿ ಅಂತ ಎಲ್ಲಿ ಹೇಳಿದ್ದೆ?"

ಖಾಲಿ ಬಸ್ಸು

ಎರಡನೇ ಸಲಹೆ ಭದ್ರಾವತಿಯಿಂದ ಬಂತು. ಅಲ್ಲಿ ನನ್ನ ಷಡ್ಡಕರಿದ್ದಾರೆ, ಅಂದ್ರೆ ಹೆಂಡತಿಯ ಅಕ್ಕನ ಗಂಡ. ಕಾರ್ಖಾನೆಯಿಂದ ನಿವೃತ್ತರಾದೋರು. ಅವರು ರಶ್ ಇರೋ ಬಸ್ಸು ಹತ್ತಿದ್ದನ್ನ ಯಾರೂ ನೋಡಿಲ್ಲ. ಖಾಲಿ ಬಸ್ಸು ಬರೋ ತನಕ ಸ್ಟ್ಯಾಂಡಿನಲ್ಲೇ ನಿಂತಿರ್ತಾರೆ.

"ಎಲ್ಲರೂ ಮುಗಿಬಿದ್ದಿರೋ ನಾಣ್ಯದ ಹಿಂದೆ ಯಾಕೆ ಹೋಗ್ತೀಯ ಮಾರಾಯ? ಯಾರೂ ಇಲ್ಲದ್ದನ್ನ ಹಿಡಿ. ಪೂರ್ತಿ ನಿನಗೇ."

ಮಾತು ಸರಿ ಅನ್ನಿಸ್ತು. ಇಂಟರ್ನೆಟ್ಟೆಲ್ಲ ಜಾಲಾಡಿ ಅಂಥದೊಂದನ್ನ ಹಿಡಿದೆ. ನಾಣ್ಯ ಮಳೆ ಸುರಿದ ಹಾಗೆ ಸುರಿಯಿತು. ಪರದೆ ತುಂಬ ನನ್ನದೇ ಹೆಸರು. ಖುಷಿಗೆ ಅವರಿಗೂ ಅರ್ಧ ಕಳಿಸಿಕೊಟ್ಟೆ. ಆಮೇಲೆ ಮಾರೋಕೆ ಅಂತ ಹೊರಟ್ರೆ ಕೊಳ್ಳೋರು ಒಬ್ಬರೂ ಇಲ್ಲ. ಇಡೀ ಪ್ರಪಂಚದಲ್ಲಿ ಆ ನಾಣ್ಯ ಇದ್ದದ್ದು ನಮ್ಮಿಬ್ಬರ ಹತ್ತಿರ ಮಾತ್ರ.

ಫೋನ್ ಮಾಡಿ, "ಭಾವ, ನೀವು ಹೇಳಿದ ಹಾಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿದೆ. ಬಸ್ಸಿಗೆ ಡ್ರೈವರೊಬ್ಬ ಇಲ್ಲ," ಅಂದೆ.

ಗಿರಣಿ

ಆರು ಕಾರ್ಡಿನ ಫ್ಯಾನೂ ಒಟ್ಟಿಗೆ ತಿರುಗಿದ್ರೆ ಬೀದಿಗೆಲ್ಲ ಕೇಳಿಸುತ್ತೆ. ಒಂದು ಬೆಳಿಗ್ಗೆ ಪಕ್ಕದ ಬೀದಿಯ ಹೆಂಗಸೊಬ್ಬರು ಗೋಧಿ ಡಬ್ಬ ಹಿಡಿದು ಗೇಟಿನಲ್ಲಿ ನಿಂತಿದ್ರು. "ಗಿರಣಿ ಹಾಕಿದ್ದೀರಂತೆ, ಒಳ್ಳೇದಾಯ್ತು. ಸ್ವಲ್ಪ ನುಣ್ಣಗಿರಲಿ."

ನನ್ನ ಹೆಂಡತಿ ಅವರನ್ನ ಕೂರಿಸಿ, ಕಾಫಿ ಕೊಟ್ಟು, ಕಳಿಸಿಬಂದು ನನ್ನ ಮುಖ ನೋಡಿದಳು. "ಗಿರಣಿಯೇ ಆಗಿದ್ದಿದ್ರೆ ಹಿಟ್ಟಾದ್ರೂ ಬರ್ತಿತ್ತು."

ಕಾಗೆ

ನವರಾತ್ರಿ ಹತ್ತಿರ ಬಂತು. ಗುಜರಿಯವನಿಗೆ ಹೇಳಿಕಳಿಸಿಯೂ ಆಗಿತ್ತು. ನನಗೆ ಊಟ ಸೇರ್ತಿರಲಿಲ್ಲ. ಅದೇ ಹೊತ್ತಿಗೆ, ಪಿತೃಪಕ್ಷಕ್ಕೆ ಮುಂಚೆಯೇ ಮುಗಿಸಬೇಕು ಅಂತ, ಭದ್ರಾವತಿಯಲ್ಲಿ ಷಡ್ಡಕರ ಮಗಳ ಸೀಮಂತ. ಸಂಡಿಗೆ ನಮ್ಮ ಮನೆಯಿಂದ ಅಂತ ನನ್ನ ಹೆಂಡತಿ ಅಕ್ಕನಿಗೆ ಮಾತು ಕೊಟ್ಟಿದ್ದಳು. ಬಿಸಿಲು ಕಂಡಿತು ಅಂತ ನಂಬಿ ಸಾಬಕ್ಕಿ ಸಂಡಿಗೆ ಇಟ್ಟಳು. ಮಧ್ಯಾಹ್ನಕ್ಕೇ ಮೋಡ ಕವಿದು ಜಡಿಮಳೆ ಹಿಡೀತು. ಬಿಡೋ ಲಕ್ಷಣವೇ ಇಲ್ಲ. ಒಳಗೆ ತಂದ ಸಂಡಿಗೆ ಹುಳಿ ವಾಸನೆ ಬರೋಕೆ ಶುರುವಾಯ್ತು. ಇವಳ ಕಣ್ಣಲ್ಲಿ ನೀರು.

ತಟ್ಟೆ ಇಡೋಕೆ ಜಾಗ ಸಾಲದೆ ನಡುಕೋಣೆಗೆ ಬಂದವಳು ಅಲ್ಲೇ ನಿಂತಳು. "ಇಲ್ಲಿ ಬೆಚ್ಚಗಿದೆಯಲ್ಲ. ಇನ್ನೂ ಬಿಸಿ ಮಾಡೋಕಾಗಲ್ವಾ?"

"ಅದು ಯಾವ ನಾಣ್ಯ ಅನ್ನೋದರ ಮೇಲಿದೆ. ಒಂದೊಂದು ನಾಣ್ಯ ಕಾರ್ಡನ್ನ ಒಂದೊಂದು ಥರ ಕಾಯಿಸುತ್ತೆ," ಅಂದೆ.

"ಎಲ್ಲಕ್ಕಿಂತ ಜಾಸ್ತಿ ಕಾಯಿಸೋದು ಯಾವುದು?"

"ಕಾಗೆ ಚಿತ್ರದ್ದೊಂದಿದೆ. ಹಳೇ ಕಾರ್ಡಿಗೆ ಅದು ಬೇಡ ಅಂತಾರೆ, ಕೆಂಡ ಆಗಿಬಿಡುತ್ತೆ."

"ಅದನ್ನೇ ಹಾಕಿ."

ಹಾಕಿದೆ. ಕಾರ್ಡುಗಳ ಸುತ್ತ ತಟ್ಟೆ ಜೋಡಿಸಿ ಇಬ್ಬರೂ ಬಾಗಿಲಲ್ಲಿ ಕೂತ್ವಿ. ಮಾರನೇ ದಿನ ಸಂಡಿಗೆ ಗಲಗಲ ಅಂತಿತ್ತು. ಕರಿದಾಗ ಮಲ್ಲಿಗೆ ಹಾಗೆ ಅರಳಿತು. ಗುಜರಿಯವನು ಬಂದ್ರೆ ಇವಳೇ ಗೇಟಿನಿಂದ ವಾಪಸ್ ಕಳಿಸಿದಳು. ನನಗೆ ಕುಣಿಯೋದೊಂದು ಬಾಕಿ.

ಸೀಮಂತದಲ್ಲಿ ಪಂಕ್ತಿಗೆ ಪಂಕ್ತಿಯೇ ಸಂಡಿಗೆ ಹೊಗಳಿತು. ಈ ಮಳೇಲಿ ಹೇಗೆ ಒಣಗಿಸಿದ್ರಿ ಅಂತ ಹೆಂಗಸರೆಲ್ಲ ಇವಳನ್ನ ಮುತ್ತಿಕೊಂಡರು. ಇವಳು ಜಂಬದಿಂದ ನಮ್ಮೆಜಮಾನ್ರ ಕಾರ್ಡು ಅಂತ ಶುರು ಮಾಡಿ ಇಡೀ ಕಥೆ ಹೇಳಿದಳು. ಬೊಂಬೆ ಈ ಸಲ ಪಡಸಾಲೆಯಲ್ಲಿ, ಕೋಣೆ ಕಾರ್ಡಿಗೆ ಅಂತ ಅಲ್ಲೇ ತೀರ್ಪೂ ಆಯ್ತು.

ಷಡ್ಡಕರು ಎಲೆಯಿಂದ ತಲೆಯೆತ್ತಿ ಕೇಳಿದರು. "ಎಲ್ಲ ಬಿಟ್ಟು ಕಾಗೆ ನಾಣ್ಯವೇ ಯಾಕಮ್ಮ?"

ಇವಳು ಅವರ ಎಲೆಗೆ ಇನ್ನೆರಡು ಸಂಡಿಗೆ ಹಾಕುತ್ತಾ ಅಂದಳು. "ಹುಟ್ಟಿದಾಗಿನಿಂದ ಕೋಲು ಹಿಡಿದು ತಾರಸಿ ಮೇಲೆ ಕಾಗೆ ಓಡಿಸಿದ್ದೀನಿ ಭಾವ. ತಿನ್ನದೆ ಒಣಗಿಸಿಕೊಟ್ಟ ಕಾಗೆ ಅಂದ್ರೆ ಇದೊಂದೇ."