ಹಡಗಲಿಯ ನೌಕಾಪಡೆ

ನಮ್ಮ ಮಾವನ ಮನೆಯಲ್ಲಿ ಒಂದು ನೌಕಾಪಡೆ ಇತ್ತು ಎಂದರೆ ನೀವು ನಂಬುವುದಿಲ್ಲ. ನಂಬಿ ಎಂದು ನಾನೂ ಒತ್ತಾಯ ಮಾಡುವುದಿಲ್ಲ, ಪಕ್ಕದ ಮನೆಯವರೇ ನಂಬಿರಲಿಲ್ಲ! ಸಮುದ್ರ ಯಾವ ಕಡೆ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸುವ ಊರು ಹೂವಿನಹಡಗಲಿ. ಅಂಥ ಊರಿನ ಒಂದು ಪಡಸಾಲೆಯಲ್ಲಿ, ಗೋಡೆಯ ಉದ್ದಕ್ಕೂ ಹೊಡೆದ ಹಲಗೆಗಳ ಮೇಲೆ, ಯುದ್ಧನೌಕೆಗಳು ತೋಪುಗಳನ್ನು ಅಡುಗೆಮನೆಯತ್ತ ತಿರುಗಿಸಿ ಸಾಲಾಗಿ ನಿಂತಿದ್ದವು. ಎಲ್ಲವೂ ಮೊಳದುದ್ದದವು. ಎಲ್ಲವನ್ನೂ ಕಟ್ಟಿದವನು ನಮ್ಮ ಮಾವ.

ಮಾವ ಎಂದರೆ ನಮ್ಮ ಅವ್ವನ ತಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ತೊಂಬತ್ತರ ದಶಕದಲ್ಲಿ ನನಗೆ ಹಡಗಲಿಯ ಶಾಲೆಗೆ ನೌಕರಿಯಾದಾಗ, ಕೂಡ್ಲಿಗಿಯಿಂದ ಟ್ರಂಕು ಹೊತ್ತು ಬಂದು ಅವನ ಮನೆಯಲ್ಲೇ ಇಳಿದುಕೊಂಡೆ. ಮಕ್ಕಳಿಲ್ಲದ ಮನೆ. ಮಾವ, ಅತ್ತೆ ಮತ್ತು ಹಡಗುಗಳು. ಮೊದಲ ದಿನವೇ ನಾನು ಕೇಳಿದೆ, "ಮಾವ, ನೀರಿಲ್ಲದ ಊರಾಗ ಇಷ್ಟು ಹಡಗು ಯಾಕ?"

"ಊರ ಹೆಸರಿನಾಗ ಏನೈತಿ ಹೇಳು? ಹಡಗು! ಹಿಂದಕ ಇಲ್ಲಿಂದ ಹೊಳಿಗುಂಟ ಹಂಪಿಗೆ ಹೂವಿನ ಹಡಗು ಹೋಗ್ತಿದ್ವು. ನಮ್ಮ ರಕ್ತದಾಗ ಐತವ್ವಾ ಇದು," ಎಂದ ಮಾವ.

ಒಳಗಿನಿಂದ ಅತ್ತೆಯ ದನಿ ಬಂತು: "ಮಲ್ಲಿಗಿ ಮಾರಾಕ ಹೋಗೋರು ತೋಪು ಯಾಕ ಇಟ್ಕೊಂಡು ಹೋಗ್ತಿದ್ರು, ಕೇಳವ್ವಾ ನಿಮ್ಮ ಮಾವನ್ನ!"

ಮಾವ ಕೇಳಿಸಿಕೊಳ್ಳಲಿಲ್ಲ. ಹಡಗು ಕಟ್ಟುವವರ ಕಿವಿ ಹಾಗೆಯೇ ಇರುತ್ತದೆಯೋ ಏನೋ!

ಬಡಗಿಯ ಅಂಗಳದಲ್ಲಿ ಬಿದ್ದ ಸಾಗುವಾನಿ ತುಂಡು ಹಡಗಿನ ಒಡಲಾಗುತ್ತಿತ್ತು. ಮದುವೆಯ ಕಾರ್ಡುಗಳನ್ನು ಕತ್ತರಿಸಿ ಮೇಲಿನ ಕೋಣೆಗಳನ್ನು ಕಟ್ಟುತ್ತಿದ್ದ. ಯಾರದೋ ಲಗ್ನದ "ಸುಖಾಗಮನ ಬಯಸುವವರು" ಎಂಬ ಸಾಲು ಯುದ್ಧನೌಕೆಯ ಒಳಗೋಡೆಯಲ್ಲಿ ಉಳಿದುಹೋಗಿತ್ತು. ಬರೆದು ಮುಗಿದ ರೀಫಿಲ್ಲುಗಳು ತೋಪುಗಳು. ಬಿಸಾಡಿದ ಟೆಲಿಫೋನ್ ಕೇಬಲ್ಲಿನ ತಾಮ್ರದ ಎಳೆ ಅಂಚಿನ ಕಂಬಿ. ಹಗ್ಗಕ್ಕೆ ಮಾತ್ರ ಯಾವ ದಾರವೂ ಅವನ ಕಣ್ಣಿಗೆ ದಪ್ಪವೇ. "ಈ ದಾರ ಹಾಕಿದ್ರ ಹಡಗಿಗೆ ಹಾವು ಸುತ್ತಿದಂಗ ಕಾಣ್ತೈತಿ" ಎಂದು ಗೊಣಗುತ್ತಿದ್ದವನು, ಒಂದು ಬೆಳಿಗ್ಗೆ ಅತ್ತೆ ತಲೆ ಬಾಚಿಕೊಳ್ಳುವುದನ್ನೇ ಎವೆಯಿಕ್ಕದೆ ನೋಡುತ್ತ ಕೂತ. ಅತ್ತೆ ನಾಚಿದಳು. ಇಷ್ಟು ವರ್ಷಗಳ ಮೇಲೆ ಗಂಡ ಹೀಗೆ ನೋಡಿದರೆ ಯಾರು ನಾಚುವುದಿಲ್ಲ? ಮಾವ ಹತ್ತಿರ ಬಂದು ಮೆತ್ತಗೆ ಹೇಳಿದ, "ಉದುರಿದ ಕೂದಲಾ ಒಗೀಬ್ಯಾಡ, ಕೊಡಿಲ್ಲಿ."

ಅಲ್ಲಿಂದ ಮುಂದೆ ಎಲ್ಲ ಹಡಗುಗಳ ಹಗ್ಗವೂ ಅತ್ತೆಯ ಕೂದಲೇ. ಹಣೆಗಿಡುವ ಟಿಕ್ಲಿಗಳು ಹಡಗಿನ ದುಂಡು ಕಿಟಕಿಗಳಾದವು. "ಮದುವಿಗೆ ಹೋಗೂಣಂದ್ರ ಹಣಿಗೆ ಟಿಕ್ಲಿ ಇಲ್ಲ, ಸೀರಿಗೆ ಪಿನ್ ಇಲ್ಲ. ಎಲ್ಲಾ ಯುದ್ಧಕ್ಕ ಹೋಗ್ಯಾವು" ಎನ್ನುತ್ತಿದ್ದಳು ಅತ್ತೆ.

ಬಣ್ಣದ ವಿಷಯ ಹೇಳಲೇಬೇಕು. ಮಾವನಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಅದು ಗೊತ್ತಾದದ್ದು, ಅತ್ತೆ ತವರಿಗೆ ಹೋಗಿದ್ದಾಗ ಅವನೊಬ್ಬನೇ ಬಣ್ಣ ಬಳಿದ ಹಡಗನ್ನು ನೋಡಿದ ಮೇಲೆ. ಬೂದು ಬಣ್ಣವೆಂದು ತಿಳಿದು ತೋಪಿನ ತುದಿಯವರೆಗೂ ಗುಲಾಬಿ ಬಳಿದಿದ್ದ! ಕೊಟ್ಟೂರಿನಿಂದ ಮರಳಿದ ಅತ್ತೆ ಚೀಲವನ್ನೂ ಇಳಿಸದೆ ನಿಂತು ನೋಡಿದಳು.

"ಇದಕ್ಕ ಗುಂಡು ಬ್ಯಾಡ್ರಿ. ಶತ್ರು ನೋಡಿ ನಕ್ಕು ನಕ್ಕು ಸಾಯ್ತಾನ."

ಆಮೇಲೆ ತಾನೇ ಕೂತು ಕಪ್ಪು, ಬಿಳುಪು, ಒಂದು ಚೂರು ನೀಲಿ ಕಲಸಿ ಬೂದು ಮಾಡಿಕೊಟ್ಟಳು. ಲಂಗರಿನ ಬಳಿ ಇಳಿದ ತುಕ್ಕಿನ ಕಲೆಯನ್ನು ಕಾವಿ ಬಣ್ಣದಲ್ಲಿ ಬರೆಯುವವಳೂ ಅವಳೇ. ಉಪ್ಪುನೀರು ತಿಂದ ಹಡಗು ಹಾಗೆಯೇ ಇರಬೇಕಂತೆ. ಆದರೆ ಕೂಡ್ಲಿಗಿಯಿಂದ ಬಂದ ನಮ್ಮ ಅವ್ವನಿಗೆ ಯಾರು ಹೇಳಬೇಕು? ತಮ್ಮನ ಹಡಗಿಗೆ ತುಕ್ಕು ಹಿಡಿದಿದೆಯೆಂದು ಮರುಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ತುಳಸಿಕಟ್ಟೆಯ ಮೇಲೆ ಬೋರಲು ಹಾಕಿದ್ದಳು!

ಆ ರಾದ್ಧಾಂತ ತಣ್ಣಗಾದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. ಮಾವ ಹರೆಯದಲ್ಲಿ ನೌಕಾಪಡೆಗೆ ಸೇರಲು ಹೋಗಿದ್ದನಂತೆ. ಓಟದಲ್ಲಿ ಪಾಸು, ಎದೆಯಳತೆಯಲ್ಲಿ ಪಾಸು. ಕೊನೆಗೆ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರಂತೆ. ಮಾವನಿಗೆ ಚುಕ್ಕಿಗಳಷ್ಟೇ ಕಂಡವು. "ಊರಿಗೆ ಬಂದು ವಾರಗಟ್ಟಲೆ ಹೊರಗ ಮುಖ ತೋರಿಸಲಿಲ್ಲ. ಆಮ್ಯಾಲೆ ಕಟಗಿ ಕೆತ್ತಾಕ ಕೂತ," ಎಂದಳು ಅವ್ವ.

ಅತ್ತೆಗೆ ಇದೆಲ್ಲ ಗೊತ್ತಿತ್ತು. ಆದರೂ ಅವಳಿಗೊಂದು ಆಸೆ. ಸಮುದ್ರ ನೋಡಬೇಕು. ಇಷ್ಟೊಂದು ಹಡಗಿಗೆ ಬಣ್ಣ ಕಲಸಿದವಳಿಗೆ ಅಷ್ಟೂ ಆಸೆ ಇರಬಾರದೇ? "ರೀ, ಒಮ್ಮೆ ಕಾರವಾರಕ್ಕ ಹೋಗಿ ಬರೂಣು" ಎಂದರೆ ಮಾವನದು ಒಂದೇ ಉತ್ತರ: "ಈ ಹಡಗೊಂದು ಮುಗೀಲಿ." ಮುಗಿದ ಹಡಗು ಹಲಗೆ ಏರುವ ಮೊದಲೇ ಇನ್ನೊಂದರ ಒಡಲು ಕೆತ್ತಲು ಶುರುವಾಗಿರುತ್ತಿತ್ತು.

ಅವಳು ಬಿಡಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಲೇ ಜೋರು ಮಾಡಿ ಕೇಳಿದಳು. ಅದಕ್ಕೆ ಮಾವ ಏನು ಮಾಡಿದ ಗೊತ್ತೇ? ಸಮುದ್ರವನ್ನೇ ಕಟ್ಟಿದ! ದೊಡ್ಡ ಹಲಗೆಯ ಮೇಲೆ ಪ್ಲಾಸ್ಟರ್ ಸುರಿದು, ಚಮಚದ ಬೆನ್ನಿನಿಂದ ತೆರೆಗಳನ್ನು ಎಬ್ಬಿಸಿ, ಅತ್ತೆಯಿಂದಲೇ ನೀಲಿ ಹಚ್ಚಿಸಿ, ಮೇಲೆ ವಾರ್ನಿಶ್ ಹೊಡೆದು, ತೆರೆಯ ನೆತ್ತಿಗೆ ಹತ್ತಿ ಅಂಟಿಸಿದ. ನಡುವೆ ಹಡಗು, ಪಕ್ಕದಲ್ಲಿ ಬಂದರಿನ ಕಟ್ಟೆ. ನಿಜಕ್ಕೂ ಒದ್ದೆಯಾದಂತೆ ಹೊಳೆಯುತ್ತಿತ್ತು. "ತಗೋ, ನಿನ್ನ ಸಮುದ್ರ!" ಎಂದ.

ಅತ್ತೆ ಬಗ್ಗಿ, ಬಹಳ ಹೊತ್ತು ನೋಡಿದಳು. "ಚಲೋ ಐತ್ರಿ. ಸಪ್ಪಳ ಒಂದಿಲ್ಲ, ಅಷ್ಟ," ಎಂದಳು.

ನಾನೂ ನಕ್ಕೆ, ಮಾವನೂ ನಕ್ಕ. ಅವಳ ಮುಖವನ್ನು ಮಾತ್ರ ನಾವಿಬ್ಬರೂ ನೋಡಲಿಲ್ಲ.

ಅದೇ ಸಮುದ್ರ ಹರಪನಹಳ್ಳಿಯ ಒಂದು ವಸ್ತುಪ್ರದರ್ಶನಕ್ಕೆ ಹೊರಟಿತು. ಹಡಗಿನ ಮೇಲೆ ನಾವಿಕರು ಬೇಡವೇ? ಅಗರಬತ್ತಿಯ ಕಡ್ಡಿಯ ಚೂರುಗಳಿಗೆ ನವಣೆಯ ಕಾಳನ್ನು ತಲೆಯಾಗಿ ಅಂಟಿಸಿ, ಅತ್ತೆ ಇಡೀ ಪಡೆಯನ್ನೇ ತಯಾರಿಸಿದ್ದಳು. ಬಸ್ಸಿನಲ್ಲಿ ಮಾವನ ತೊಡೆಯ ಮೇಲೆ ಅರ್ಧ, ನನ್ನ ತೊಡೆಯ ಮೇಲೆ ಅರ್ಧ ಸಮುದ್ರ. ಕಂಡಕ್ಟರ್ ನೋಡಿ, "ಏನ್ರಿ ಇದು?" ಎಂದ.

"ಯುದ್ಧನೌಕಿ."

"ಲಗೇಜೋ, ಸವಾರಿಯೋ?"

"ನೌಕಾಪಡೆಗೆ ಟಿಕೆಟ್ ಕೇಳ್ತೀಯೇನಪಾ?" ಎಂದು ಮಾವ ಎದೆಯುಬ್ಬಿಸಿದ.

ದಾರಿಯಲ್ಲಿ ಒಬ್ಬ ಮುದುಕಿ ಬುಟ್ಟಿಯೊಂದಿಗೆ ಹತ್ತಿ ನಮ್ಮ ಪಕ್ಕವೇ ಕೂತಳು. ಮಾವ ಆಕೆಗೆ ಸಮುದ್ರಯುದ್ಧ ಎಂದರೇನು ಎಂದು ವಿವರಿಸಿದ. ಆಕೆ ತೂಕಡಿಸಿದಳು. ನಾವೂ ತೂಕಡಿಸಿದೆವು. ಎಚ್ಚರವಾದಾಗ, ಬುಟ್ಟಿಯಿಂದ ಕತ್ತು ಹೊರಗೆ ಹಾಕಿದ್ದ ಕೋಳಿ ಕೊನೆಯ ನಾವಿಕನ ತಲೆಯನ್ನು ನುಂಗುತ್ತಿತ್ತು!

ಪ್ರದರ್ಶನದಲ್ಲಿ ಮುಖ್ಯ ಅತಿಥಿಗಳು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಹಡಗು ಭಾಳ ಚೆನ್ನಾಗೈತ್ರಿ. ಆದ್ರ ಒಳಗ ಮಂದೀನ ಇಲ್ಲಲ್ಲ?"

ಮಾವ ಅಟೆನ್ಷನ್ನಿನಲ್ಲಿ ನಿಂತು ಹೇಳಿದ, "ಊಟಕ್ಕ ಹೋಗ್ಯಾರ್ರಿ ಸಾರ್!"

ಬಹುಮಾನವೇನೂ ಬರಲಿಲ್ಲ. ಸಂಜೆ ಈ ಕಥೆ ಕೇಳಿ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಬರೋಬ್ಬರಿ ಆತು. ಆ ಕೋಳಿಯಾದ್ರೂ ಒಂದು ಸಮುದ್ರ ನೋಡ್ತು" ಎಂದಳು.

ಅದು ಅವಳ ಬಾಯಲ್ಲಿ ನಾನು ಕೇಳಿದ ಕೊನೆಯ ಸಮುದ್ರದ ಮಾತು. ಮೊದಲು ಆಸೆಯಿಂದ ಕೇಳುತ್ತಿದ್ದಳು, ಆಮೇಲೆ ತಮಾಷೆಯಾಗಿ, ಆಮೇಲೆ ಕೇಳಲೇ ಇಲ್ಲ. ನಿಲ್ಲಿಸಿದ್ದು ಯಾವಾಗ ಎಂದು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಹಡಗುಗಳು ಒಂದಾದ ಮೇಲೆ ಒಂದು ಮುಗಿಯುತ್ತಲೇ ಇದ್ದವು.

ಒಂದು ಬೇಸಿಗೆಯ ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಜೀಪು ತಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಷ್ಟೋ ದಿನ ಮಾವ ಪಡಸಾಲೆಗೇ ಬರಲಿಲ್ಲ. ಆಮೇಲೊಮ್ಮೆ ಅರ್ಧ ಬಣ್ಣವಾಗಿದ್ದ ಹಡಗನ್ನು ಇಳಿಸಿಕೊಂಡು ಕೂತ. ಅತ್ತೆ ಕಲಸಿಟ್ಟಿದ್ದ ಬೂದು ಒಣಗಿ ಬಿಲ್ಲೆಯಾಗಿತ್ತು. ನಾನೇ ಕಪ್ಪು, ಬಿಳುಪು, ನೀಲಿ ಸೇರಿಸಿ, ಹಳೆಯದರ ಪಕ್ಕ ಇಟ್ಟು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ ಕಲಸಿಕೊಟ್ಟೆ. ಮಾವ ಕುಂಚ ಅದ್ದಿ, ಒಂದು ಗೆರೆ ಎಳೆದು, ಕುಂಚ ಕೆಳಗಿಟ್ಟ.

"ಇದು ಅದಲ್ಲವ್ವಾ."

"ಅದ ಐತಿ ಮಾವ. ನಾ ನೋಡೀನಿ."

"ಅಲ್ಲ," ಎಂದು ತಲೆಯಾಡಿಸಿದ. ಆ ಹಡಗು ಹಾಗೆಯೇ ಉಳಿಯಿತು. ಮುಂದೆ ಅವನು ಯಾವ ಹಡಗನ್ನೂ ಕಟ್ಟಲಿಲ್ಲ.

ಅಷ್ಟರಲ್ಲಿ ಹೊಸ ಶತಮಾನವೂ ಬಂದಿತ್ತು. ಒಂದು ದಸರೆ ರಜೆಯ ಬೆಳಿಗ್ಗೆ ಮಾವ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದ. "ನಡಿಯವ್ವಾ, ಕಾರವಾರಕ್ಕ ಹೋಗಿ ಬರೂಣು." ನಾನೂ ಚೀಲ ಹಿಡಿದು ಹೊರಟೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿಯುವಾಗ ಅವನೇ ಹೇಳಿದ, "ಅಕಿ ಕೇಳಿದಾಗೆಲ್ಲಾ ಹಡಗಿನ ನೆಪ ಹೇಳ್ತಿದ್ದೆ. ಖರೇ ಅಂದ್ರ ಅಂಜಿಕಿ ಇತ್ತು ನನಗ. ಬ್ಯಾಡ ಅಂತ ವಾಪಸ್ ಕಳಿಸಿದ ಮ್ಯಾಲೆ, ಯಾವ ಮುಖ ಇಟ್ಕೊಂಡು ಸಮುದ್ರದ ಮುಂದ ನಿಂದ್ರಲಿ ಅಂತ. ಅಕಿಗೆ ಅದು ಗೊತ್ತಿತ್ತೇನೋ. ಒಮ್ಮಿನೂ ಅನ್ನಲಿಲ್ಲ."

ದಂಡೆಗೆ ಹೋದಾಗ ದೂರದಲ್ಲಿ ಒಂದು ಹಡಗು ನಿಂತಿತ್ತು. ಬೂದು ಬಣ್ಣ, ಮುಂದೆ ತೋಪು. ನಿಜವಾದದ್ದು! "ಮಾವ, ಅಲ್ಲಿ ನೋಡು!" ಎಂದು ಕೂಗಿದೆ.

"ಹೂಂ, ಐತಿ," ಎಂದ. ಒಂದು ಕ್ಷಣ ನೋಡಿ ಮುಖ ಹೊರಳಿಸಿದ.

ಅವನು ನೋಡುತ್ತಿದ್ದದ್ದು ನೀರಿನ ಅಂಚನ್ನು. ನಮ್ಮ ಕಡೆಯವರೇ ಇರಬೇಕು, ಒಂದು ಬಸ್ಸು ತುಂಬ ಹೆಂಗಸರು ಬಂದಿಳಿದಿದ್ದರು. ನಿರಿಗೆ ಎತ್ತಿ ಹಿಡಿದು ಪಾದವಷ್ಟೇ ನೆನೆಸುತ್ತ ನಿಂತಿದ್ದವರನ್ನು ಒಂದು ದೊಡ್ಡ ತೆರೆ ಬಂದು ಸೊಂಟದವರೆಗೆ ತೋಯಿಸಿಬಿಟ್ಟಿತು. ನಾಚಿಕೆ ಅಲ್ಲಿಗೆ ಮುಗಿಯಿತು. ತಲೆ ನರೆತ ಹೆಂಗಸೊಬ್ಬಳು ಮರಳಿನಲ್ಲೇ ಕುಸಿದು ಕೂತು, ತೆರೆಗೆ ಬೈಯುತ್ತ, ನಗುತ್ತ, "ಇನ್ನೊಂದು ಬರ್ಲಿ, ಇನ್ನೊಂದು ಬರ್ಲಿ!" ಎಂದು ಕೈ ಬೀಸುತ್ತಿದ್ದಳು.

"ನೋಡವ್ವಾ, ಹೆಂಗ ಆಗ್ಯಾರ," ಎಂದ ಮಾವ. "ಮನಿ, ಒಲಿ ಎಲ್ಲಾ ಮರ್ತು ಸಣ್ಣ ಹುಡುಗ್ಯಾರಾಗ್ಯಾರ."

ಮಾವ ಆ ಹೆಂಗಸಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ನಿಮ್ಮ ಅತ್ತಿ ಇಲ್ಲಿ ನಿಂತಿದ್ರ ಹೆಂಗ ನಗ್ತಿದ್ಲು? ಇಷ್ಟು ವರ್ಷ ಕೂಡಿ ಬಾಳೇವಿ. ಅದೊಂದು ನನಗ ಗೊತ್ತಿಲ್ಲ ನೋಡು."