ಗೋದಾವರಿಯನ್ನು ಕ್ಯಾನಿನಲ್ಲಿ ತಂದದ್ದು

ನಾಶಿಕದ ನಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆಂದು ಬೀದರಿನಿಂದ ಬಂದ ಅತ್ತೆಯವರದು ಒಂದೇ ಹಟ: ಕಲಶಕ್ಕೆ ಗೋದಾವರಿ ನೀರೇ ಆಗಬೇಕು. ಅದೂ ಆ ನದಿ ಹುಟ್ಟಿದ ಜಾಗದ್ದು.

"ಅದೇನ್ ದೊಡ್ಡ ಮಾತ್ರಿ ಅತ್ತಿ, ನಾ ತರ್ತೀನಿ" ಎಂದೆ. ಇಷ್ಟು ವರ್ಷ ಈ ಊರಲ್ಲಿ ಸಂಸಾರ ಮಾಡಿದವಳಿಗೆ ಒಂದು ನದಿ ಹುಡುಕುವುದು ಕಷ್ಟವೇ!

ವಿಮಾನ ಕಾರ್ಖಾನೆಯಲ್ಲಿ ದುಡಿಯುವ ಯಜಮಾನರಿಗೆ ರಜೆ ಹಾಕಿಸಿದೆ. ಅವರು ತಂಬಿಗೆ ಹಿಡಿದು ಹೊರಟರು.

"ನದಿ ತರ್ಲಿಕ್ಕಿ ತಂಬಿಗಿ ಒಯ್ತಾರೇನ್ರಿ?" ಎಂದು ಗದರಿ, ದೊಡ್ಡ ಕ್ಯಾನೊಂದನ್ನು ಅಡುಗೆಮನೆಯ ನಳದಲ್ಲಿ ತಿಕ್ಕಿ ತಿಕ್ಕಿ ತೊಳೆದೆ.

ತ್ರ್ಯಂಬಕೇಶ್ವರದವರೆಗೆ ಜೀಪು, ಅಲ್ಲಿಂದ ಬ್ರಹ್ಮಗಿರಿಯ ಮೆಟ್ಟಿಲು. ಶ್ರಾವಣದ ಮಂಜಿನಲ್ಲಿ ಮುಂದೆ ನಡೆಯುತ್ತಿದ್ದ ಯಜಮಾನರ ಬೋಳುತಲೆಯೂ ಕಾಣಲಿಲ್ಲ! ಮೇಲೆ ಹೋದರೆ, ಗೋದಾವರಿ ಕಲ್ಲಿನ ಗೋಮುಖದಿಂದ ನೂಲಿನೆಳೆಯಂತೆ ಇಳಿಯುತ್ತಿದ್ದಾಳೆ. ಎದುರಿಗೆ ಅರ್ಧ ಜಿಲ್ಲೆ ಸಾಲುಗಟ್ಟಿದೆ.

"ಈ ಕ್ಯಾನು ತುಂಬೂದ್ರಾಗ ನಮ್ಮ ಹೊಸಾ ಮನಿ ಹಳೇದಾಗ್ತದ" ಎಂದರು ಯಜಮಾನರು.

ಆಗ ನನ್ನ ಭೂಗೋಳದ ಜ್ಞಾನ ಜಾಗೃತವಾಯಿತು. "ಗುಡ್ಡ ಒಂದ, ನದಿನೂ ಒಂದ. ಇಲ್ಲಿ ಎಲ್ಲಿ ಹಿಡದ್ರೂ ಗೋದಾವರಿನೇ. ಬರ್ರಿ!"

ಗುಡ್ಡದ ನೆತ್ತಿ ದಾಟಿ ಆಚೆ ಬದಿಗೆ ಸ್ವಲ್ಪ ಇಳಿದರೆ, ಬಂಡೆಯ ಮೇಲಿಂದ ಧೋ ಎಂದು ಸುರಿಯುವ ಝರಿ! ಜನರಿಲ್ಲ, ಸಾಲಿಲ್ಲ. ನನ್ನ ಒಂದು ಚಪ್ಪಲಿ ಜಾರಿ ನದಿಗೆ ಅರ್ಪಣೆಯಾಯಿತು. ಕ್ಯಾನು ಮಾತ್ರ ತುಂಬಿತು.

"ನೆಲಕ್ಕ ಇಟ್ಟೀರಿ ಮತ್ತ, ಮೈಲಿಗಿ ಆಗ್ತದ" ಎಂದಿದ್ದೆನಾದ್ದರಿಂದ ಯಜಮಾನರು ಅದನ್ನು ಬಾಣಂತಿಯ ಕೂಸಿನಂತೆ ಎತ್ತಿಕೊಂಡೇ ಬಂದರು. ಮುಚ್ಚಳ ಸಡಿಲವಿತ್ತು. ಜೀಪಿನಲ್ಲಿ ಕುಳಿತವರಿಗೆಲ್ಲ ಪುಣ್ಯಸ್ನಾನ!

ಮನೆಯಲ್ಲಿ ಅತ್ತೆ ಕ್ಯಾನಿಗೆ ಕುಂಕುಮ ಹಚ್ಚಿ ಆರತಿ ಎತ್ತಿದರು. ತೀರ್ಥಕ್ಕೆಂದು ಪಕ್ಕದ ಮನೆಯ ಮರಾಠಿ ವಹಿನಿ ಬಂದಳು (ವಹಿನಿ ಅಂದರೆ ಅತ್ತಿಗೆ; ಇಲ್ಲಿ ನೆರೆಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ವಹಿನಿಯೇ). ಅವಳ ತವರು ತ್ರ್ಯಂಬಕ. ಇಷ್ಟೊಂದು ನೀರು ಎಲ್ಲಿ ಸಿಕ್ಕಿತೆಂದು ಕೇಳಿದಳು. ನೆತ್ತಿ ದಾಟಿದ ಸಾಹಸವನ್ನು ಸವಿಸ್ತಾರವಾಗಿ ನಿವೇದಿಸಿದೆ.

"ಅಹೋ ವಹಿನಿ, ತೀ ಗೋದಾವರಿ ನಾಹೀ!"

ಗುಡ್ಡದ ನೆತ್ತಿಯೇ ನೀರನ್ನು ಪಾಲು ಮಾಡುತ್ತದಂತೆ. ಈಚೆ ಬಿದ್ದ ಮಳೆ ಗೋದಾವರಿಯಾಗಿ ಪೂರ್ವಕ್ಕೆ. ಆಚೆ ಬಿದ್ದದ್ದು ಬೇರೆ ನದಿಯಾಗಿ ಪಶ್ಚಿಮಕ್ಕೆ, ಮುಂಬೈಯವರ ನಳಗಳಿಗೆ. ಅತ್ತೆಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ, ನನ್ನ ದುರ್ದೈವ! ಆರತಿ ತಟ್ಟೆ ಗಾಳಿಯಲ್ಲೇ ನಿಂತಿತು.

"ಅಲ್ಲವ್ವಾ, ಮುಂಬೈ ಮಂದಿ ನಳದ ನೀರಿಗಿ ಆರತಿ ಮಾಡ್ದೆನೇನ್ ನಾ? ನಾಳಿ ಮುಂಜಾನಿ ಪೂಜಾ ಅದ. ಈಗ ಗೋದಾವರಿ ಎಲ್ಲಿಂದ ತರ್ತಿ?"

ವಹಿನಿ ನಗುತ್ತ ನಮ್ಮ ಅಡುಗೆಮನೆಗೆ ನಡೆದು ನಳ ತಿರುಗಿಸಿದಳು. ಗಂಗಾಪುರದ ಹತ್ತಿರ ಗೋದಾವರಿಗೆ ಕಟ್ಟಿದ ಅಣೆಕಟ್ಟಿನ ನೀರೇ ನಾಶಿಕದ ಮನೆಮನೆಗೆ ಬರುವುದಂತೆ!

ಅತ್ತೆ ಬೊಗಸೆಯೊಡ್ಡಿ ಕಣ್ಣಿಗೊತ್ತಿಕೊಂಡರು. "ಹುಟ್ಟಿದ ಜಾಗ ಅಲ್ದಿದ್ರೇನು, ಹುಟ್ಟಿದಾಕಿ ಈಕಿನೇ ಹೌದಲ್ಲ" ಎಂದು ಕಲಶ ತುಂಬಿಸಿದರು.

ಯಜಮಾನರು ಕ್ಯಾನಿನತ್ತ ನೋಡಿದರು, ಆಮೇಲೆ ನನ್ನತ್ತ. ಸಾಕ್ಷಾತ್ ಗೋದಾವರಿಯಲ್ಲಿ ಕ್ಯಾನು ತೊಳೆದು, ಆ ಗೋದಾವರಿಯನ್ನು ಮೋರಿಗೆ ಚೆಲ್ಲಿ, ಖಾಲಿ ಕ್ಯಾನಿನೊಂದಿಗೆ ಗೋದಾವರಿ ಹುಡುಕಲು ಗುಡ್ಡ ಹತ್ತಿದವಳು ನಾನೇ!